ಎವರೆಸ್ಟಿಗೆ ಹೋದ ಎರಡು ಕ್ಯಾಮೆರಾ

ಈಗ ಮಕ್ಕಳು ಟ್ರೆಕ್ಕಿಂಗ್‌ಗೆ ಹೋದ್ರ ಅವರು ಗುಡ್ಡ ಇಳಿಯೋದರೊಳಗ ನಮ್ಮ ಮೊಬೈಲಿಗೆ ಫೋಟೋ ಬಂದಿರ್ತಾವ. ರೀಲ್ ಹಾಕೋ ಕ್ಯಾಮೆರಾದ ಕಾಲದಾಗ ಹಂಗಿರಲಿಲ್ಲ. ಹೋದವರು ತಿರುಗಿ ಬರಬೇಕು, ರೀಲ್ ತೊಳಸಬೇಕು, ಆಮ್ಯಾಲೆ ನೋಡೋದು. ಎವರೆಸ್ಟಿನ ಎರಡು ದೊಡ್ಡ ಕಥಿ ಇದರ ಮ್ಯಾಲೇ ನಿಂತಾವ.

1924ರ ಜೂನ್ 8. ಇಂಗ್ಲಂಡಿನ ಜಾರ್ಜ್ ಮ್ಯಾಲರಿ ಮತ್ತ 22 ವರ್ಷದ ಸ್ಯಾಂಡಿ ಅರ್ವಿನ್ ಟಿಬೆಟ್ ಕಡೆಯಿಂದ ತುದಿಗೆ ಹೊಂಟ್ರು. ಜೊತೆಗಾರ ಸಾಮರ್‌ವೆಲ್ ಅವರಿಗೆ ತಮ್ಮ ಕೊಡ್ಯಾಕ್ ಕ್ಯಾಮೆರಾ ಕೊಟ್ಟಿದ್ರು, ಮಡಚಿದ್ರ ಕಿಸೆದಾಗ ಕೂಡೋ ಅಂಥಾದ್ದು. ಮಧ್ಯಾಹ್ನ ಮೋಡ ಸರದಾಗ ಕೆಳಗಿದ್ದ ಓಡೆಲ್ ಇಬ್ಬರನ್ನೂ ಮ್ಯಾಲೆ ಕಂಡ್ರು. ಮತ್ತ ಮೋಡ ಮುಚ್ಚಿತು. ಇಬ್ಬರೂ ತಿರುಗಿ ಬರಲಿಲ್ಲ. ತುದಿ ಮುಟ್ಟಿದ್ರ ಹೆಂಡತಿ ರೂತ್‌ ಫೋಟೋ ಅಲ್ಲೇ ಇಟ್ಟು ಬರ್ತೇನಿ ಅಂದಿದ್ರಂತ, ಹಂಗಂತ ಮ್ಯಾಲರಿ ಮನೆಯವರು ಹೇಳತಿದ್ರು. 1999ರಾಗ ಅವರ ದೇಹ ಸಿಕ್ತು. ಕಿಸೆದಾಗ ಕಾಗದಪತ್ರ ಇದ್ವು, ಆದ್ರ ರೂತ್ ಫೋಟೋನೂ ಇಲ್ಲ, ಕ್ಯಾಮೆರಾನೂ ಇಲ್ಲ. 2024ರಾಗ ಅರ್ವಿನ್ ಅವರ ಒಂದು ಪಾದ ಬೂಟಿನ ಸಮೇತ ಸಿಕ್ತು, ಕ್ಯಾಮೆರಾ ಮಾತ್ರ ಸಿಗಲಿಲ್ಲ. ಅವರು ತುದಿ ಮುಟ್ಟಿದ್ರೋ ಇಲ್ಲೋ, ಮೂರು ಮಕ್ಕಳ ತಾಯಿ ರೂತ್ ಅದು ತಿಳೀದನs 1942ರಾಗ ತೀರಿಕೊಂಡ್ರು.

ಇನ್ನೊಂದು ಕ್ಯಾಮೆರಾ ಎಡ್ಮಂಡ್ ಹಿಲರಿ ಅವರದು. 1953ರ ಮೇ 29ಕ್ಕ, ಮುಂಜಾನೆ 11:30ರ ಸುಮಾರು ಅವರು ತೇನ್‌ಸಿಂಗ್ ನೋರ್ಗೆ ಜೊತಿ ತುದಿ ಮುಟ್ಟಿದ್ರು. ಅಂಥಾ ಥಂಡಿಯೊಳಗ ಫಿಲ್ಮ್ ಪೆಡಸಾಗಿ ಮುರೀತದ, ಅದಕ್ಕ ಹಿಲರಿ ಕ್ಯಾಮೆರಾ ಅಂಗಿ ಒಳಗ ಬೆಚ್ಚಗ ಇಟ್ಕೊಂಡು ಹೋಗಿದ್ರು. ಇದ್ದದ್ದು ಕಾಲು ತಾಸು. ವಿಶ್ವಸಂಸ್ಥೆ, ಬ್ರಿಟನ್, ನೇಪಾಳ, ಭಾರತ, ನಾಕೂ ಬಾವುಟ ಕಟ್ಟಿದ ಕೊಡಲಿ ಎತ್ತಿ ನಿಂತ ತೇನ್‌ಸಿಂಗ್ ಫೋಟೋ ತಗದ್ರು. ಬಂದಿದ್ದಕ್ಕ ಸಾಕ್ಷಿ ಇರಲಿ ಅಂತ ಸುತ್ತಲಿನ ಬೆಟ್ಟಗಳದ್ದೂ ತಗದ್ರು. ತೇನ್‌ಸಿಂಗ್ ಸಿಹಿ ತಿನಿಸಿನ ಜೊತಿ ಮಗಳು ನೀಮಾ ಕೊಟ್ಟ ಪೆನ್ಸಿಲ್ ಹಿಮದಾಗ ಹೂತಿಟ್ರು.

ಆದ್ರ ತುದಿ ಮ್ಯಾಲೆ ಹಿಲರಿ ನಿಂತಿದ್ದು ಒಂದು ಫೋಟೋನೂ ಇಲ್ಲ! ತೇನ್‌ಸಿಂಗ್‌ಗ ಕ್ಯಾಮೆರಾ ಹಿಡಿದು ರೂಢಿ ಇರಲಿಲ್ಲ, ಕಲಸಲಿಕ್ಕೆ ಅದು ಜಾಗಾ ಅಲ್ಲ ಅಂತ ಹಿಲರಿ ಬರದ್ರು. ನಾನು ತಗೀತೇನಿ ಅಂತ ಸನ್ನಿ ಮಾಡಿದೆ, ಅವರೇ ಬ್ಯಾಡ ಅಂದ್ರು ಅಂತ ತೇನ್‌ಸಿಂಗ್ ಹೇಳಿದ್ರು. ಇದ್ದವರು ಇಬ್ಬರೇ, ಅವರ ಮಾತೂ ಎರಡಾದ್ವು. ಅಷ್ಟಾದ್ರೂ ಹಿಲರಿ ಹತ್ತಲಿಲ್ಲ ಅಂತ ಅನ್ನಲಿಕ್ಕೆ ಆಗೂದಿಲ್ಲ. ತೇನ್‌ಸಿಂಗ್ ಫೋಟೋ ತಾನೇ ಬಂತೇನು?

ನಮ್ಮ ಮನಿ ಹಳೇ ಆಲ್ಬಮಿನಾಗೂ ಹಂಗs ಅಲ್ಲೇನ್ರಿ? ಜಾತ್ರಿ, ಲಗ್ನ, ಮುಂಜಿವಿ ಎಲ್ಲಾ ಅದ, ತಗದವರು ಒಂದರಾಗೂ ಇಲ್ಲ. ಯಾರು ತಗದಿದ್ದು ಅಂತ ಹೇಳೋ ಹಿರೇರು ಇರೋದರೊಳಗ ಕೇಳಿ, ಫೋಟೋದ ಹಿಂದ ಪೆನ್ಸಿಲಿನಿಂದ ಹೆಸರು ಬರದಿಡ್ರಿ.