ಜಿಡ್ಡು ತೊಳೆದ ದ್ರವಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಜಿಡ್ಡು ಹಿಡಿದ ಪಾತ್ರೆಗೆ ಒಲೆಯ ಬೂದಿ ಮತ್ತು ತೆಂಗಿನ ನಾರು, ಬಟ್ಟೆಗೆ ಅಂಟುವಾಳ, ತಲೆಗೆ ಸೀಗೆಪುಡಿ ಎಂಬ ಪದ್ಧತಿ ಬಹುಕಾಲ ನಡೆದುಬಂದಿತು. ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವು ಜಿಡ್ಡಿನ ಒಂದಂಶವನ್ನು ಸಾಬೂನಾಗಿ ಮಾರ್ಪಡಿಸಿದರೆ, ಅಂಟುವಾಳದ ಸ್ಯಾಪೊನಿನ್ ಎಂಬ ನೊರೆವಸ್ತು ಜಿಡ್ಡನ್ನು ಬಿಡಿಸಿ ನೀರಿನೊಡನೆ ಒಯ್ಯುತ್ತದೆ. ಆದರೆ ಯಂತ್ರಗಳಿಗೆ ಹಚ್ಚುವ ಖನಿಜ ತೈಲ ಕ್ಷಾರಕ್ಕೆ ಸಾಬೂನಾಗುವುದಿಲ್ಲ, ಉಕ್ಕಿನ ಬಿಡಿಭಾಗಕ್ಕೆ ನೀರು ತಾಗಿದರೆ ತುಕ್ಕು ಹಿಡಿಯುತ್ತದೆ. ಕಾರ್ಖಾನೆಗಳು ದ್ರಾವಕಗಳತ್ತ, ಅಂದರೆ ಜಿಡ್ಡನ್ನು ತಮ್ಮಲ್ಲಿ ಕರಗಿಸಿಕೊಂಡು ಬೇಗ ಆವಿಯಾಗಿಹೋಗುವ ದ್ರವಗಳತ್ತ ತಿರುಗಿದ್ದು ಈ ಕಾರಣದಿಂದ.

ಸೀಮೆಎಣ್ಣೆ ಮತ್ತು ಪೆಟ್ರೋಲ್ ಅಗ್ಗವಾಗಿದ್ದರೂ ಬೆಂಕಿಯ ಭಯ ತಪ್ಪುತ್ತಿರಲಿಲ್ಲ. 1839ರಲ್ಲಿ ಫ್ರಾನ್ಸಿನ ರೆನ್ಯೋ ತಯಾರಿಸಿದ ಕಾರ್ಬನ್ ಟೆಟ್ರಾಕ್ಲೋರೈಡ್, ಕಾರ್ಮಿಕರ ಬಾಯಲ್ಲಿ ಸಿಟಿಸಿ, ಹೊತ್ತಿಕೊಳ್ಳುವುದಿಲ್ಲವಾದರೂ ಯಕೃತ್ತನ್ನು ಹಾಳುಮಾಡುತ್ತದೆ. ಅದರ ಜಾಗಕ್ಕೆ ಬಂದ ಟ್ರೈಕ್ಲೋರೋಎಥಿಲೀನ್ ಕ್ಯಾನ್ಸರ್ ತರುವುದೆಂದು ಸಿದ್ಧವಾಗಲು ಹಲವು ದಶಕಗಳು ಹಿಡಿದವು. ಇವೆರಡಕ್ಕಿಂತಲೂ ಸೌಮ್ಯವೆನಿಸಿದ್ದು ಸುಮಾರು 48 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವ, ಪ್ಲಾಸ್ಟಿಕ್ಕಿಗೂ ಅಷ್ಟಾಗಿ ಹಾನಿ ಮಾಡದ ಕ್ಲೋರೋಫ್ಲೂರೋಕಾರ್ಬನ್ ದ್ರಾವಕ ಸಿಎಫ್‌ಸಿ-113. ಬೆಸುಗೆ ಹಾಕಿದ ಮೇಲೆ ವಿದ್ಯುನ್ಮಾನ ಫಲಕದ ಮೇಲುಳಿಯುವ ರಾಳ ಮತ್ತು ಲವಣಗಳೆರಡನ್ನೂ ತೆಗೆಯುವುದು ಇದೊಂದರಿಂದ ಆಗದ ಕಾರಣ ಸ್ವಲ್ಪ ಮದ್ಯಸಾರ ಬೆರೆಸಲಾಗುತ್ತಿತ್ತು. ಆ ಬೆರಕೆಯೂ ಅಜಿಯೋಟ್ರೋಪ್, ಅಂದರೆ ಕುದಿದಾಗ ದ್ರವದಲ್ಲೂ ಆವಿಯಲ್ಲೂ ಘಟಕಗಳ ಪ್ರಮಾಣ ಒಂದೇ ಆಗಿರುವ ಮಿಶ್ರಣ, ಆಗಿರಬೇಕಿತ್ತು, ಇಲ್ಲವಾದರೆ ತೊಟ್ಟಿಯಲ್ಲಿ ದಿನದಿಂದ ದಿನಕ್ಕೆ ಬೇರೆಯೇ ದ್ರವ ಉಳಿಯುತ್ತಿತ್ತು. 1948ರ ಐಟಿಐ ದೂರವಾಣಿ, 1954ರ ಬಿಇಎಲ್ ವಿದ್ಯುನ್ಮಾನ, 1961ರ ಎಚ್‌ಎಂಟಿ ಗಡಿಯಾರ ಕಾರ್ಖಾನೆಗಳೊಂದಿಗೆ ಬೆಂಗಳೂರಿನಲ್ಲೂ, ಮುಂದೆ ಎಚ್‌ಎಂಟಿಯ ಇನ್ನೊಂದು ಘಟಕದೊಂದಿಗೆ ತುಮಕೂರಿನಲ್ಲೂ ನೆಲೆಯೂರಿದ್ದು ಜಗತ್ತಿನೆಲ್ಲೆಡೆ ಇಂಥ ಸೂಕ್ಷ್ಮ ತೊಳೆತವನ್ನು ಬೇಡುವ ಬಗೆಯ ಕಸುಬೇ.

ಕ್ಲೋರೋಫ್ಲೂರೋಕಾರ್ಬನ್‌ಗಳು ಕೆಳಗಿನ ವಾತಾವರಣದಲ್ಲಿ ಒಡೆಯದೆ ಮೇಲೇರಿ, ಅಲ್ಲಿ ಬಿಡುಗಡೆಯಾದ ಕ್ಲೋರಿನ್ ಓಝೋನ್ ಪದರವನ್ನು ಕರಗಿಸುವುದೆಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ಹೇಳಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಪದರ ತೆಳುವಾಗಿದ್ದು ವರದಿಯಾಯಿತು, 1987ರಲ್ಲಿ ಇಂಥ ವಸ್ತುಗಳನ್ನು ನಿಯಂತ್ರಿಸುವ ಮಾಂಟ್ರಿಯಲ್ ಒಪ್ಪಂದವಾಯಿತು. ಅದೇ ರೀತಿ ಓಝೋನನ್ನು ಕರಗಿಸುವ ಸಿಟಿಸಿ ಅದರ ನಿಯಂತ್ರಣ ಪಟ್ಟಿಗೆ ಸೇರಿದ್ದು 1990ರ ಲಂಡನ್ ತಿದ್ದುಪಡಿಯಲ್ಲಿ. ಬದಲಾವಣೆಯ ವೆಚ್ಚಕ್ಕೆ ಸಿರಿವಂತ ದೇಶಗಳು ನೆರವಾಗಬೇಕೆಂದು ಪಟ್ಟುಹಿಡಿದಿದ್ದ ಭಾರತ 1992ರಲ್ಲಿ ಒಪ್ಪಂದವನ್ನು ಅನುಮೋದಿಸಿ, 2000ದಲ್ಲಿ ನಿಯಮಗಳನ್ನು ಹೊರಡಿಸಿತು. ತೊಳೆಯುವ ಕೆಲಸದಲ್ಲಿ ಸಿಟಿಸಿ ಬಳಕೆ ಕೊನೆಗೊಳ್ಳಲು 2010ರ ಗಡುವು ಬೇಕಾಯಿತು. ತಡವಾದದ್ದು ಅಚ್ಚರಿಯಲ್ಲ: ಕ್ಲೋರೋಫ್ಲೂರೋಕಾರ್ಬನ್ ಬಳಸುವ ಶೀತಲಪೆಟ್ಟಿಗೆಯ ಕಾರ್ಖಾನೆಯನ್ನು ಹುಡುಕುವುದು ಸುಲಭ, ಡಬ್ಬದಲ್ಲಿ ಸಿಟಿಸಿ ಇಟ್ಟುಕೊಂಡು ಬಟ್ಟೆಯ ಎಣ್ಣೆಕಲೆ ತೆಗೆಯುವ ಸಣ್ಣ ಘಟಕ ಯಾವ ದಫ್ತರಿಗೂ ಸಿಗದು.

ಈ ಬದಲಾವಣೆಯಲ್ಲಿ ಹೆಚ್ಚಿನ ಪಾಲು ಹೊಸ ದ್ರಾವಕಗಳದ್ದೆಂದು ಭಾವಿಸುವುದು ಸರಿಯಲ್ಲ. ತೊಳೆಯುವ ಅಗತ್ಯವೇ ಇಲ್ಲದ ಬೆಸುಗೆ ಲೇಪಗಳು ವಿದ್ಯುನ್ಮಾನ ಕಾರ್ಖಾನೆಗಳ ಪ್ರಶ್ನೆಯನ್ನು ಬಹುಮಟ್ಟಿಗೆ ಅಳಿಸಿಹಾಕಿದವು. ಲೋಹದ ಕೆಲಸದಲ್ಲಿ ತುಕ್ಕುತಡೆ ಬೆರೆಸಿದ ನೊರೆನೀರು ಮರಳಿ ಬಂದಿತು. ಆ ನೊರೆಯ ರಾಸಾಯನಿಕಗಳಲ್ಲಿ ಹಲವು ತೆಂಗಿನೆಣ್ಣೆಯ ಸುಮಾರು ಅರ್ಧದಷ್ಟಿರುವ ಲಾರಿಕ್ ಆಮ್ಲದಿಂದ ಹುಟ್ಟುವಂಥವು. ಹಾಗೆಂದು ಇದರ ಲಾಭ ತಿಪಟೂರಿಗೆ ದಕ್ಕಿತೆನ್ನಲಾಗದು. ಇಲ್ಲಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ ತೆಗೆಯುವ ಉಂಡೆ ಕೊಬ್ಬರಿ ತಿನ್ನುವ ಸರಕು. ಕೇಂದ್ರ ಸರ್ಕಾರವೂ ಅದಕ್ಕೆ ಗಾಣದ ಕೊಬ್ಬರಿಯಿಂದ ಪ್ರತ್ಯೇಕವಾಗಿ ಬೆಂಬಲ ಬೆಲೆ ನಿಗದಿಪಡಿಸುತ್ತದೆ, ಮತ್ತು ಲಾರಿಕ್ ಆಮ್ಲದ ಕಾರ್ಖಾನೆಗಳಿಗೆ ಆಗ್ನೇಯ ಏಷ್ಯಾದ ತಾಳೆಬೀಜದೆಣ್ಣೆ ಅಗ್ಗಕ್ಕೆ ಒದಗುತ್ತದೆ.

ನೀರು ತಾಗಬಾರದ ಕೆಲಸಗಳಿಗೆ ಮಾತ್ರ ಓಝೋನ್‌ಸ್ನೇಹಿ ಮಿಶ್ರಣಗಳು ಉಳಿದವು. 1990ರ ದಶಕದಲ್ಲಿ ಬಳಕೆಗೆ ಬಂದ ಹೈಡ್ರೋಫ್ಲೂರೋಈಥರ್ ಬೆಂಕಿ ಹತ್ತದ ದ್ರವವಾದರೂ ಜಿಡ್ಡನ್ನು ಚೆನ್ನಾಗಿ ಕರಗಿಸದು; ಟ್ರಾನ್ಸ್-ಡೈಕ್ಲೋರೋಎಥಿಲೀನ್ ಚೆನ್ನಾಗಿ ಕರಗಿಸಿದರೂ ಹೊತ್ತಿಕೊಳ್ಳುತ್ತದೆ, ಅದರ ಕ್ಲೋರಿನ್ ಮಾತ್ರ ಓಝೋನ್ ಪದರ ತಲುಪುವ ಮೊದಲೇ ಬಹುತೇಕ ಒಡೆದುಹೋಗುತ್ತದೆ. ಇವೆರಡರ ಅಜಿಯೋಟ್ರೋಪ್ ಒಂದರ ಕೊರತೆಯನ್ನು ಮತ್ತೊಂದರಿಂದ ತುಂಬಿಕೊಂಡಿತು. ಆದರೆ ಆ ಈಥರ್ ಪರಿಸರದಲ್ಲಿ ಸುಲಭವಾಗಿ ಕೊಳೆಯದ ಪಿಎಫ್‌ಎಎಸ್ ಎಂಬ ಫ್ಲೂರಿನ್ ಸಂಯುಕ್ತಗಳ ಗುಂಪಿಗೆ ಸೇರಿದ್ದು, ಅದರ ಪ್ರಮುಖ ತಯಾರಕ ತ್ರೀಎಂ ಕಂಪನಿ 2025ರ ಕೊನೆಗೆ ಆ ಇಡೀ ಗುಂಪಿನ ತಯಾರಿಕೆಯಿಂದ ಹೊರಬರುವುದಾಗಿ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು.