ಹಿತ್ತಲ ನುಗ್ಗೆಯ ಕಥೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಗೆ ನುಗ್ಗೆಗಿಂತ ಮಿಗಿಲಾದ ಸಾಕ್ಷಿ ಬೇಕಿಲ್ಲ. ಹೊಸದುರ್ಗ ತಾಲ್ಲೂಕಿನ ನಮ್ಮ ಬಾಗೂರು ಮಳೆ ಕಡಿಮೆಯ ಸೀಮೆ. ಇಲ್ಲಿ ಒಂದು ಕೊಂಬೆ ನೆಟ್ಟರೂ ಚಿಗುರುವ ಮರವಿದು. ಆದರೂ ಮನೆಯ ಮುಂದೆ ಇರಬಾರದೆಂದು ಹಿರಿಯರು ಅದನ್ನು ಹಿತ್ತಲಿಗೆ ಅಟ್ಟಿದ್ದರು. ಗಾಳಿಗೆ ಕೊಂಬೆ ಮುರಿಯುವುದು, ಕಂಬಳಿಹುಳು ಮುತ್ತುವುದು ಈ ನಂಬಿಕೆಗೆ ಕಾರಣವಾಗಿರಬಹುದು.

ಹಿಮಾಲಯದ ತಪ್ಪಲು ಈ ಮರದ ತವರು. ಆಯುರ್ವೇದದಲ್ಲಿ ಇದಕ್ಕೆ ಶಿಗ್ರು, ಶೋಭಾಂಜನ ಎಂಬ ಹೆಸರುಗಳಿವೆ. ಬೆವರಿಳಿಸುವ ಚಿಕಿತ್ಸೆಗೆ ನೆರವಾಗುವ ದ್ರವ್ಯಗಳಲ್ಲಿ ಚರಕಸಂಹಿತೆಯು ಶೋಭಾಂಜನವನ್ನು ಎಣಿಸುತ್ತದೆ. 1678ರಿಂದ 1693ರವರೆಗೆ ಆಂಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿಯೂ ಇದರ ವರ್ಣನೆಯಿದೆ. ತಮಿಳರ ‘ಮುರುಂಗೈ’ ಎಂಬ ಮಾತೇ ಸಸ್ಯಶಾಸ್ತ್ರದ ‘ಮೊರಿಂಗ’ಕ್ಕೆ ಮೂಲ.

ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಸಹಪಾಠಿಯೊಬ್ಬನಿಗೆ ಇರುಳುಗುರುಡಿತ್ತು. ದೀಪ ಹಚ್ಚುವ ಹೊತ್ತಾದರೆ ಅವನು ಗೋಡೆ ತಡವಿಕೊಂಡು ಮನೆ ಸೇರುತ್ತಿದ್ದನು. ಅವರ ಹಿತ್ತಲಲ್ಲಿ ದೊಡ್ಡ ನುಗ್ಗೆಮರವಿತ್ತು. ಕಾಯಿ ಸಂತೆಗೆ, ಸೊಪ್ಪು ಆಡಿಗೆ!

ಆ ಮನೆಯ ದುರಂತ ನನಗೆ ಅರ್ಥವಾದದ್ದು ಶಿಕ್ಷಕನಾದ ಮೇಲೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆ 1971ರಲ್ಲಿ ಭಾರತೀಯ ಆಹಾರಗಳ ಪೋಷಕಾಂಶಗಳ ಕೋಷ್ಟಕವನ್ನು ಪ್ರಕಟಿಸಿತು. ಅದರ ಪ್ರಕಾರ 100 ಗ್ರಾಂ ಹಸಿ ಸೊಪ್ಪಿನಲ್ಲಿ ಸುಮಾರು 440 ಮಿಲಿಗ್ರಾಂ ಸುಣ್ಣದ ಅಂಶ, 6780 ಮೈಕ್ರೋಗ್ರಾಂ ಕ್ಯಾರೋಟಿನ್ ಇವೆ. ಕಾಯಿಯಲ್ಲಿರುವ ಕ್ಯಾರೋಟಿನ್ ಕೇವಲ 110 ಮೈಕ್ರೋಗ್ರಾಂ. ದೇಹವು ಕ್ಯಾರೋಟಿನ್ನನ್ನೇ ‘ಎ’ ಜೀವಸತ್ವವನ್ನಾಗಿ ಮಾಡಿಕೊಳ್ಳುತ್ತದೆ; ಅದರ ಕೊರತೆಯೇ ಇರುಳುಗುರುಡಿನ ಮುಖ್ಯ ಕಾರಣ. 1970ರಲ್ಲಿ ಕೇಂದ್ರ ಸರ್ಕಾರವು ಎಳೆಯ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ‘ಎ’ ಜೀವಸತ್ವದ ದ್ರಾವಣ ಕೊಡುವ ಯೋಜನೆಯನ್ನು ಆರಂಭಿಸಿತು. ನನ್ನ ಗೆಳೆಯನ ಪಾಲಿಗೆ ಅದು ತಡವಾಗಿತ್ತು. ಮದ್ದಿನ ಒಂದು ಪಾಲು ಮಾತ್ರ ಹಿತ್ತಲಲ್ಲೇ ಇತ್ತು, ಅದನ್ನು ಹೇಳುವವರಿರಲಿಲ್ಲ.

ಈಗ ಕಾಲ ತಿರುಗಿದೆ. ನುಗ್ಗೆಸೊಪ್ಪಿನ ಪುಡಿ ಡಬ್ಬಿಗಳಲ್ಲಿ ಮಾರಾಟವಾಗುತ್ತಿದೆ. ಮುನ್ನೂರು ರೋಗಗಳಿಗೆ ಮದ್ದೆಂಬ ಜಾಹೀರಾತು ಬೇರೆ. ಅತಿಯಾಗಿ ಹೊಗಳುವುದಕ್ಕೆ ನೆರೆಯ ತೆಲುಗರು ‘ನುಗ್ಗೆಮರ ಹತ್ತಿಸುವುದು’ ಎನ್ನುತ್ತಾರೆ. ನಾವು ನುಗ್ಗೆಯನ್ನೇ ನುಗ್ಗೆಮರ ಹತ್ತಿಸಿದ್ದೇವೆ! ಅದು ಸಕ್ಕರೆ ಕಾಯಿಲೆಯ ಮಾತ್ರೆಗೆ ಬದಲಲ್ಲ. ಬೇರಿನ ತೊಗಟೆಯಲ್ಲಿ ವಿಷಾಂಶವಿರುವುದರಿಂದ ಗರ್ಭಿಣಿಯರು ಅದನ್ನು ಮುಟ್ಟಬಾರದು. ಬೇಯಿಸಿದಾಗ ‘ಸಿ’ ಜೀವಸತ್ವ ಬಹುಪಾಲು ನಷ್ಟವಾಗುತ್ತದೆ. ಕ್ಯಾರೋಟಿನ್ ಅಷ್ಟಾಗಿ ಕೆಡದು. ಸ್ವಲ್ಪ ಎಣ್ಣೆಯ ಜೊತೆಗಿದ್ದರೆ ಅದು ಮೈಗೂ ಹತ್ತುತ್ತದೆ.

ಆದ್ದರಿಂದ ನನ್ನ ಸಲಹೆ ಸರಳ. ಡಬ್ಬಿ ಬೇಡ; ರಾಗಿರೊಟ್ಟಿಯ ಹಿಟ್ಟಿಗೆ ಒಂದು ಹಿಡಿ ಸೊಪ್ಪು ಬೆರೆಸಿ, ಕಾವಲಿಗೆ ಎಣ್ಣೆ ಸವರಿ ಬೇಯಿಸಿ, ಮೊದಲ ರೊಟ್ಟಿಯನ್ನು ಮನೆಯ ಮಗುವಿನ ತಟ್ಟೆಗೆ ಹಾಕಿ. ಆಡಿಗೆ ಮಿಕ್ಕಿದ್ದು ಸಾಕು.