ಫಲಾಪೇಕ್ಷೆಯ ನೆಲೆ

ಬೆಂಗಳೂರಿನ ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆಯೆಂಬುದೊಂದುಂಟು. 1898ರ ಪ್ಲೇಗಿನ ತರುವಾಯ, ಪೇಟೆಯ ಇಕ್ಕಟ್ಟನ್ನು ತೊರೆದು ಬಂದ ಜನರಿಂದ ಬೆಳೆದ ಬಡಾವಣೆಯಿದು. ಆ ರಸ್ತೆಯಲ್ಲಿ ನಡೆಯುವವನ ಮೂಗಿಗೆ ಹುರಿದ ಕಾಫಿಬೀಜದ ಕಂಪು ತಾಕಿದೊಡನೆ, ಲೋಟವು ಕೈಸೇರುವುದಕ್ಕೆ ಮೊದಲೇ ಮನಸ್ಸು ಅರಳುತ್ತದೆ. ಕಾಲು ತಾನಾಗಿಯೇ ಅತ್ತ ತಿರುಗುತ್ತದೆ. ಬರಲಿರುವ ಸುಖವು ಬಾರದ ಮುನ್ನವೇ ಮನುಷ್ಯನನ್ನು ಎಳೆಯುವುದು ಹೇಗೆ? ಈ ಪ್ರಶ್ನೆಯ ಚರಿತ್ರೆಯಲ್ಲಿ ಬೆಂಗಳೂರಿಗೂ ಒಂದು ಪಾಲುಂಟು.

ಅದೇ 1898ರಲ್ಲಿ ಅಮೆರಿಕದ ಥಾರ್ನ್‌ಡೈಕ್ ಎಂಬ ವಿದ್ವಾಂಸನು ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿ, ಅಗುಳಿ ಸರಿಸಿ ಹೊರಬಂದರೆ ಆಹಾರ ದೊರೆಯುವಂತೆ ಮಾಡಿದನು. ತೃಪ್ತಿಯಿತ್ತ ಕ್ರಿಯೆಯೇ ಅಭ್ಯಾಸವಾಗಿ ನಿಲ್ಲುವುದೆಂದು ಇದರಿಂದ ತಿಳಿಯಿತು. ಆದರೆ ಆ ತೃಪ್ತಿಯ ನೆಲೆ ಮಿದುಳಿನಲ್ಲಿ ಎಲ್ಲಿಯೆಂಬುದು ಅರ್ಧ ಶತಮಾನದವರೆಗೆ ಗೂಢವಾಗಿಯೇ ಉಳಿಯಿತು. ಬಳಿಕ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಓಲ್ಡ್ಸ್ ಮತ್ತು ಮಿಲ್ನರ್ ಎಂಬಿಬ್ಬರು ಇಲಿಯ ಮಿದುಳಿನಲ್ಲಿ ನೆಟ್ಟ ತಂತಿಯೊಂದು ಗುರಿ ತಪ್ಪಿ ಬೇರೆಡೆ ಸೇರಿತು. ಇಲಿಯು ವಿದ್ಯುತ್ತು ತಗುಲಿದ ಮೂಲೆಗೇ ಮರಳಿ ಬರತೊಡಗಿತು. ಸನ್ನೆಯನ್ನು ಒತ್ತಿ ತಾನೇ ವಿದ್ಯುತ್ತನ್ನು ಪಡೆಯುವಂತೆ ಏರ್ಪಡಿಸಿದಾಗ, ಇಲಿಗಳು ಅದನ್ನು ಬಿಡದೆ ಒತ್ತಿದವು. 1954ರಲ್ಲಿ ಈ ವೃತ್ತಾಂತವು ಪ್ರಕಟವಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಆರಂಭವಾದುದು ಕಾಕತಾಳೀಯ. ಅದೇ 1974ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು.

ಈ ನಡುವೆ ಡೋಪಮಿನ್ ಎಂಬ ರಸದ ಮಹತ್ವವನ್ನು ಸ್ವೀಡನ್ನಿನ ಕಾರ್ಲ್‌ಸನ್ ಕಂಡುಹಿಡಿದನು; 2000ದಲ್ಲಿ ಅವನಿಗೆ ನೊಬೆಲ್ ಪಾರಿತೋಷಕವು ಸಂದಿತು. ಷುಲ್ಟ್ಸ್ ಎಂಬಾತನು ಮಂಗಗಳಲ್ಲಿ ಪರೀಕ್ಷಿಸಿ, ಈ ರಸವನ್ನು ಸೂಸುವ ಕೋಶಗಳು ಮೊದಮೊದಲು ಹಣ್ಣಿನ ರಸ ದೊರೆತಾಗಲೂ, ಕಲಿತ ಮೇಲೆ ಅದರ ಸೂಚನೆ ಕಂಡಾಗಲೂ ಮಿಡಿಯುವುದನ್ನು ನೋಡಿದನು. ನಿರೀಕ್ಷಿಸಿದ ಹೊತ್ತಿಗೆ ಫಲ ಬಾರದಿದ್ದರೆ ಆ ಮಿಡಿತವೇ ಕುಗ್ಗಿತು. ನಿರೀಕ್ಷೆಗೂ ಪ್ರಾಪ್ತಿಗೂ ಇರುವ ಅಂತರವೇ ಕಲಿಕೆಗೆ ಗುರುವೆಂಬ ಸಿದ್ಧಾಂತವು 1997ರಲ್ಲಿ ಹೊರಬಂದಿತು. ಕಾಫಿಯ ಕಂಪಿನ ಸೆಳೆತಕ್ಕೆ ಇದೇ ಸಮಾಧಾನ.

ನಿಮ್ಹಾನ್ಸಿನಲ್ಲಿ ದೇಸಿರಾಜು, ರಾಜು, ಮೇಟಿ, ಶಂಕರನಾರಾಯಣ ರಾವ್ ಮೊದಲಾದವರು ಬೇರೊಂದು ಪ್ರಶ್ನೆಯನ್ನೆತ್ತಿದರು: ಫಲಾನುಭವವು ಮಿದುಳಿನ ರಚನೆಯನ್ನೇ ಮಾರ್ಪಡಿಸುವುದೆ? ದಿನಕ್ಕೆ ಒಂದು ಗಂಟೆಯಂತೆ 10 ದಿನ ಈ ಅನುಭವ ಪಡೆದ ಇಲಿಗಳ ನೆನಪಿಗೆ ಸಂಬಂಧಿಸಿದ ಭಾಗದಲ್ಲಿ ನರಕೋಶಗಳ ಕೊಂಬೆಗಳು ಹೆಚ್ಚಾಗಿ ಕವಲೊಡೆದುದನ್ನು 1993ರಲ್ಲಿ ಪ್ರಕಟಿಸಿದರು. ಅಂತಹ ಇಲಿಗಳು ಬೇಗ ಕಲಿಯುವುವೆಂದು 1998ರಲ್ಲಿ ತಿಳಿಯಿತು. 21 ದಿನಗಳ ಬಂಧನದ ಕ್ಲೇಶದಿಂದ ಬಾಡಿದ ಕೊಂಬೆಗಳೂ ಕುಂದಿದ ನೆನಪೂ ಇದೇ ಅನುಭವದಿಂದ ಚೇತರಿಸಿಕೊಂಡುವೆಂಬುದು 2008ರ ಫಲಿತಾಂಶ.

ಇಲಿಯ ಮಾತು ಮನುಷ್ಯನಿಗೆ ಹಾಗೆಯೇ ಒಪ್ಪುವುದೆನ್ನುವುದು ಸಾಹಸ. ಆದರೂ ಒಂದು ಸಂಗತಿಯನ್ನು ಅಲಕ್ಷಿಸಲಾಗದು. ಕುಡುಕನನ್ನು ಮತ್ತೆ ಮತ್ತೆ ಅಂಗಡಿಯ ಬಾಗಿಲಿಗೆ ಎಳೆದೊಯ್ಯುವ ಹಾದಿಯೂ, ಮಗುವನ್ನು ಅಕ್ಷರದ ಕಡೆಗೆ ಒಯ್ಯುವ ಹಾದಿಯೂ ಮಿದುಳಿನಲ್ಲಿ ಬಹುಮಟ್ಟಿಗೆ ಒಂದೇ. ಆದಕಾರಣ ಚಟವನ್ನು ಕೇವಲ ದುರ್ಗುಣವೆಂದು ಹಳಿಯುವುದೂ, ಕ್ಲೇಶದಿಂದಲೇ ವಿದ್ಯೆ ಬರುವುದೆಂದು ನಂಬುವುದೂ ವಿವೇಕವಲ್ಲ. ಫಲಾಪೇಕ್ಷೆಯನ್ನು ತ್ಯಜಿಸಬೇಕೆಂದು ಹಿರಿಯರು ಉಪದೇಶಿಸಿದರು. ಅದು ಎಷ್ಟು ಆಳದಲ್ಲಿ ಬೇರೂರಿದೆಯೆಂಬುದನ್ನು ಈ ಶಾಸ್ತ್ರವು ತೋರಿಸಿಕೊಟ್ಟಿದೆ.